ಮುಪ್ಪಿನ ಜೋಡಿತಾರೆಗಳ ಸುತ್ತ ಧೂಳಿನ ತಟ್ಟೆ



ವಿಜ್ಞಾನದಲ್ಲಿ ಈಗ ನಡೆಯುತ್ತಿರುವ ಕೆಲಸ ಕನ್ನಡದಲ್ಲಿ, ಎಲ್ಲರ ಮುಂದೆ ಬರಬೇಕೆಂಬುದು ಈ ಉಪನ್ಯಾಸವನ್ನು ಏರ್ಪಡಿಸಿರುವ ದತ್ತಿಯ ಆಶಯ. ಅದಕ್ಕೆ ತಕ್ಕಂತೆ, ನಮ್ಮ ಪಠ್ಯಪುಸ್ತಕಗಳಿಗೆ ಇನ್ನೂ ಬಾರದ ಒಂದು ವಿಷಯವನ್ನು ಇಂದು ಆರಿಸಿಕೊಂಡಿದ್ದೇನೆ. ಅದು ಮುಪ್ಪಿಗೆ ಬಂದ ಅವಳಿ ನಕ್ಷತ್ರಗಳ ಸುತ್ತ ಸುತ್ತುವ ಧೂಳಿನ ತಟ್ಟೆಗಳ ವಿಷಯ.

ನಕ್ಷತ್ರದ ಸುತ್ತ ಧೂಳಿನ ತಟ್ಟೆಯೆಂದರೆ ಅದು ಈಗಷ್ಟೇ ಹುಟ್ಟುತ್ತಿರುವ ನಕ್ಷತ್ರ ಎಂದು ನಾವೆಲ್ಲ ಓದಿದ್ದೇವೆ. ಸುಮಾರು 460 ಕೋಟಿ ವರ್ಷಗಳ ಹಿಂದೆ ಅಂಥ ತಟ್ಟೆಯಲ್ಲೇ ಭೂಮಿ ಮತ್ತು ಉಳಿದ ಗ್ರಹಗಳು ರೂಪುಗೊಂಡವು. ಆದರೆ ಆಯುಷ್ಯದ ಕೊನೆಯ ಹಂತದಲ್ಲಿರುವ ನಕ್ಷತ್ರಗಳ ಸುತ್ತಲೂ ಹೆಚ್ಚುಕಡಿಮೆ ಅಂಥದೇ ತಟ್ಟೆಗಳಿವೆ. ಅದಕ್ಕೊಂದು ಷರತ್ತಿದೆ. ನಕ್ಷತ್ರ ಒಂಟಿಯಾಗಿರಬಾರದು, ಅದಕ್ಕೆ ಹತ್ತಿರದ ಜೊತೆಗಾರ ನಕ್ಷತ್ರವೊಂದು ಇರಬೇಕು. ಈ ಷರತ್ತು ಹೇಗೆ ಗೊತ್ತಾಯಿತು, ಅದರಿಂದ ಏನು ತಿಳಿಯುತ್ತದೆ ಎಂಬುದೇ ಇಂದಿನ ಉಪನ್ಯಾಸ.

ಒಂಟಿ ನಕ್ಷತ್ರದ ಮುಪ್ಪು

ಮೊದಲು ಒಂಟಿ ನಕ್ಷತ್ರವನ್ನು ನೋಡೋಣ. ಸೂರ್ಯನ ಸುಮಾರು 0.8ರಿಂದ 8 ಪಟ್ಟು ದ್ರವ್ಯರಾಶಿಯ ನಕ್ಷತ್ರಗಳು ಸ್ಫೋಟಗೊಂಡು ಸಾಯುವುದಿಲ್ಲ. ಒಡಲಿನ ಹೈಡ್ರೋಜನ್ ಮುಗಿದ ಮೇಲೆ ಅವು ಉಬ್ಬಿ ಕೆಂಪುದೈತ್ಯಗಳಾಗುತ್ತವೆ. ಹೀಲಿಯಮ್ ಕೂಡ ಮುಗಿಯುತ್ತ ಬಂದಾಗ ಎರಡನೆಯ ಸಲ ಉಬ್ಬುತ್ತವೆ. ಈ ಎರಡನೆಯ ಹಂತವನ್ನು ಖಗೋಳ ವಿಜ್ಞಾನಿಗಳು ಎಜಿಬಿ ಹಂತ ಎನ್ನುತ್ತಾರೆ. ಆಗ ನಕ್ಷತ್ರದ ಮೈ ಭೂಮಿಯ ಕಕ್ಷೆಯಷ್ಟು ಅಗಲಕ್ಕೆ, ಕೆಲವೊಮ್ಮೆ ಅದಕ್ಕೂ ಆಚೆಗೆ ಹಬ್ಬುತ್ತದೆ. ಹೊರಪದರಗಳ ಮೇಲೆ ಗುರುತ್ವದ ಹಿಡಿತ ಸಡಿಲವಾಗುತ್ತದೆ. ತಣ್ಣಗಾದ ಅನಿಲದಲ್ಲಿ ಧೂಳಿನ ಕಣಗಳು ಹುಟ್ಟುತ್ತವೆ. ನಕ್ಷತ್ರದ ಬೆಳಕು ಆ ಕಣಗಳನ್ನು ಹೊರಕ್ಕೆ ತಳ್ಳುತ್ತದೆ, ಕಣಗಳು ಅನಿಲವನ್ನೂ ಜೊತೆಗೆ ಎಳೆದೊಯ್ಯುತ್ತವೆ. ಸೆಕೆಂಡಿಗೆ 10ರಿಂದ 20 ಕಿಲೋಮೀಟರ್ ವೇಗದ ಈ ಮಾರುತದಲ್ಲಿ ನಕ್ಷತ್ರ ತನ್ನ ಹೊರಮೈಯ ಬಹುಪಾಲನ್ನು ಕಳೆದುಕೊಳ್ಳುತ್ತದೆ.

ಮಾರುತ ನಿಂತ ಮೇಲೆ ಉಳಿಯುವುದು ಬಿಸಿ ತಿರುಳು ಮತ್ತು ಅದರ ಮೇಲಿನ ತೆಳುವಾದ ಹೊದಿಕೆ. ಇದು ಎಜಿಬಿ ನಂತರದ ಹಂತ. ಬಿಟ್ಟುಹೋದ ಧೂಳು ದೂರ ಸರಿಯುತ್ತ ತಣ್ಣಗಾಗುತ್ತದೆ, ತಿರುಳು ಬಿಸಿಯೇರುತ್ತದೆ. ಕೆಲವು ಸಾವಿರ ವರ್ಷಗಳಲ್ಲಿ ಸುತ್ತಲ ಅನಿಲ ಬೆಳಗಿ ಗ್ರಹಸದೃಶ ನೀಹಾರಿಕೆಯಾಗುತ್ತದೆ. ಕೊನೆಗೆ ಉಳಿಯುವುದು ಶ್ವೇತಕುಬ್ಜ. ಇನ್ನು ಸುಮಾರು 500 ಕೋಟಿ ವರ್ಷಗಳಾಚೆ ನಮ್ಮ ಸೂರ್ಯನೂ ಈ ದಾರಿ ಹಿಡಿಯುತ್ತಾನೆ.

ಈ ಚಿತ್ರದಲ್ಲಿ ಧೂಳು ಹೊರಗೆ ಹೋಗುವುದಷ್ಟೇ, ಹಿಂದೆ ಬರುವುದಿಲ್ಲ.

ತಣ್ಣಗಾಗದ ಧೂಳು

1983ರ ಜನವರಿಯಲ್ಲಿ ಅಮೆರಿಕ, ನೆದರ್ಲೆಂಡ್ಸ್ ಮತ್ತು ಬ್ರಿಟನ್ ಸೇರಿ ಐರಾಸ್ ಎಂಬ ಉಪಗ್ರಹವನ್ನು ಹಾರಿಸಿದವು. ಹತ್ತು ತಿಂಗಳಲ್ಲಿ ಅದು ಆಕಾಶದ ಬಹುಪಾಲನ್ನು 12, 25, 60 ಮತ್ತು 100 ಮೈಕ್ರಾನ್ ತರಂಗಾಂತರಗಳ ಅವಕೆಂಪು ಬೆಳಕಿನಲ್ಲಿ ಅಳೆದಿಟ್ಟಿತು. ಬೆಚ್ಚಗಿನ ಧೂಳು ಹೊಳೆಯುವುದು ಈ ಬೆಳಕಿನಲ್ಲೇ.

ಈ ದತ್ತಾಂಶದಿಂದ ಎಜಿಬಿ ನಂತರದ ನಕ್ಷತ್ರಗಳನ್ನು ಗುರುತಿಸಿದ ಮೊದಲಿಗರಲ್ಲಿ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಎಂ. ಪಾರ್ಥಸಾರಥಿ ಒಬ್ಬರು. 1986ರಲ್ಲಿ ಅವರು ಸ್ಟುವರ್ಟ್ ಪಾಟಾಶ್ ಅವರೊಂದಿಗೆ ಎಚ್‌ಡಿ 161796 ಎಂಬ ನಕ್ಷತ್ರ ಮತ್ತು ಅದರ ಜಾತಿಯ ಇತರ ನಕ್ಷತ್ರಗಳ ಅವಕೆಂಪು ಹೊಳಪನ್ನು ವಿವರಿಸಿ ಲೇಖನ ಪ್ರಕಟಿಸಿದರು. ತಾರುಣ್ಯದ ಭಾರಿ ನಕ್ಷತ್ರಗಳಂತೆ ಕಾಣುವ ಇವು ನಿಜದಲ್ಲಿ ಹೊರಮೈ ಕಳಚಿದ ಹಳೆಯ ನಕ್ಷತ್ರಗಳು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಇಂಥ ಕೆಲಸಗಳಿಂದ.

ಎಚ್‌ಡಿ 161796 ಇರುವುದು ಹರ್ಕ್ಯುಲಿಸ್ ನಕ್ಷತ್ರಪುಂಜದಲ್ಲಿ. ಅದರ ಧೂಳು ತಣ್ಣಗಿದೆ, ನಕ್ಷತ್ರದಿಂದ ಬಲು ದೂರ ಸರಿದಿದೆ. ದೀರ್ಘ ವೀಕ್ಷಣೆಯಲ್ಲೂ ಅದಕ್ಕೆ ಜೊತೆಗಾರ ಸಿಕ್ಕಿಲ್ಲ. ಅದೇ ಪುಂಜದಲ್ಲಿ 89 ಹರ್ಕ್ಯುಲಿಸ್ ಎಂಬ ಇನ್ನೊಂದು ನಕ್ಷತ್ರವಿದೆ. ಒಳ್ಳೆಯ ಕತ್ತಲಿದ್ದರೆ ಬರಿಗಣ್ಣಿಗೂ ಕಾಣುತ್ತದೆ. ವಯಸ್ಸಿನ ಹಂತ ಹೆಚ್ಚುಕಡಿಮೆ ಅದೇ, ಮಾರುತ ನಿಂತಿರುವುದೂ ಹಾಗೆಯೇ. ಆದರೂ ಅದರ ಧೂಳು ಇನ್ನೂ ಬಿಸಿಯಾಗಿದೆ, ಎಂದರೆ ನಕ್ಷತ್ರದ ಹತ್ತಿರವೇ ಇದೆ. ಸೆಕೆಂಡಿಗೆ ಹತ್ತು ಕಿಲೋಮೀಟರಿನಂತೆ ದೂರ ಹೋಗಬೇಕಾದ ಧೂಳು ಹೋಗದೆ ನಿಂತಿದೆ ಎಂದರೆ ಅದನ್ನು ಏನೋ ಹಿಡಿದಿಟ್ಟಿದೆ. ಗುರುತ್ವದ ಎದುರು ಧೂಳು ಬೀಳದೆ, ಹಾರಿಯೂ ಹೋಗದೆ ನಿಲ್ಲಬೇಕಾದರೆ ಅದು ಸುತ್ತುತ್ತಿರಬೇಕು. 89 ಹರ್ಕ್ಯುಲಿಸ್‌ಗೆ ಜೊತೆಗಾರನಿದೆ. ಅವೆರಡೂ ಒಂದನ್ನೊಂದು ಸುಮಾರು 288 ದಿನಗಳಿಗೊಮ್ಮೆ ಸುತ್ತುತ್ತವೆ.

ಕಬ್ಬಿಣ ಎಲ್ಲಿ ಹೋಯಿತು?

ಎರಡನೆಯ ಸುಳಿವು ಸಿಕ್ಕಿದ್ದು ರೋಹಿತದಲ್ಲಿ. 1988ರಲ್ಲಿ ಡೇವಿಡ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಇದೇ ಹಂತದ ಎಚ್‌ಆರ್ 4049 ಎಂಬ ನಕ್ಷತ್ರದ ರೋಹಿತವನ್ನು ಪರಿಶೀಲಿಸಿದಾಗ ಅಚ್ಚರಿಯ ಸಂಗತಿಯೊಂದು ಕಂಡಿತು. ಇಂಗಾಲ, ಸಾರಜನಕ, ಆಮ್ಲಜನಕ, ಗಂಧಕ ಇವೆಲ್ಲ ಸೂರ್ಯನಲ್ಲಿರುವಷ್ಟೇ ಪ್ರಮಾಣಕ್ಕೆ ಹತ್ತಿರವಾಗಿದ್ದವು. ಕಬ್ಬಿಣ ಮಾತ್ರ ಸೂರ್ಯನಲ್ಲಿರುವುದರ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹುಟ್ಟುವಾಗಲೇ ಕಬ್ಬಿಣ ಇಲ್ಲದ ನಕ್ಷತ್ರದಲ್ಲಿ ಗಂಧಕವೂ ಇರಬಾರದು, ಏಕೆಂದರೆ ಅವೆಲ್ಲವೂ ಹಿಂದಿನ ತಲೆಮಾರಿನ ನಕ್ಷತ್ರಗಳಿಂದಲೇ ಬರಬೇಕು.

ಸಂದೇಹ ನಿವಾರಿಸಿದ್ದು ಸತು. ಧಾತುಗಳ ಇತಿಹಾಸದಲ್ಲಿ ಸತು ಮತ್ತು ಕಬ್ಬಿಣ ಜೊತೆಜೊತೆಯಾಗಿ ಏರಿವೆ. ಸೂರ್ಯನಲ್ಲಿ ಸತುವಿನ ಒಂದು ಪರಮಾಣುವಿಗೆ ಕಬ್ಬಿಣದ ಏಳೆಂಟು ನೂರು ಪರಮಾಣುಗಳಿವೆ. 1992ರಲ್ಲಿ ಬೆಲ್ಜಿಯಮ್ಮಿನ ಲ್ಯೂವೆನ್‌ನ ಹಾನ್ಸ್ ವಾನ್ ವಿಂಕೆಲ್ ಮತ್ತು ಸಹೋದ್ಯೋಗಿಗಳು ಎಚ್‌ಡಿ 52961 ಎಂಬ ನಕ್ಷತ್ರದಲ್ಲಿ ಸತು ಕಬ್ಬಿಣಕ್ಕಿಂತಲೂ ಹೆಚ್ಚಾಗಿರುವುದನ್ನು ತೋರಿಸಿದರು. ಯಾವ ನಕ್ಷತ್ರವೂ ಹೀಗೆ ಹುಟ್ಟುವುದಿಲ್ಲ. ಕಬ್ಬಿಣ ಮೊದಲು ಇತ್ತು, ಆಮೇಲೆ ಮೇಲ್ಮೈಯಿಂದ ಕಾಣೆಯಾಯಿತು.

ಕಾಣೆಯಾದ ಧಾತುಗಳ ಪಟ್ಟಿಯನ್ನು ಒಂದು ಕ್ರಮದಲ್ಲಿ ಜೋಡಿಸಿದರೆ ಕಾರಣ ಎದ್ದು ಕಾಣುತ್ತದೆ. ಅನಿಲ ತಣ್ಣಗಾಗುವಾಗ ಯಾವ ಧಾತು ಎಷ್ಟು ತಾಪದಲ್ಲಿ ಘನವಾಗುತ್ತದೆ ಎಂಬುದೇ ಆ ಕ್ರಮ. ಅಲ್ಯುಮಿನಿಯಮ್, ಕ್ಯಾಲ್ಸಿಯಮ್, ಟೈಟಾನಿಯಂ ಸುಮಾರು 1,600 ಕೆಲ್ವಿನ್‌ನಲ್ಲೇ ಕಣಕಟ್ಟುತ್ತವೆ. ಕಬ್ಬಿಣ, ಮೆಗ್ನೀಸಿಯಮ್, ಸಿಲಿಕಾನ್‌ಗಳು ಸುಮಾರು 1,300ರಲ್ಲಿ. ಸತು ಮತ್ತು ಗಂಧಕ 700ರ ಆಸುಪಾಸಿಗೆ ಇಳಿಯುವ ತನಕ ಅನಿಲವಾಗಿಯೇ ಇರುತ್ತವೆ. ಬೇಗ ಧೂಳಾಗುವ ಧಾತುಗಳೇ ನಕ್ಷತ್ರದಲ್ಲಿ ಕಡಿಮೆ, ತಡವಾಗಿ ಆಗುವಂಥವು ಹೇಗಿದ್ದವೋ ಹಾಗೆ. ಈ ಕ್ರಮವನ್ನು ಆರ್‌ವಿ ಟೌರಿ ಜಾತಿಯ ಮಿಡಿಯುವ ನಕ್ಷತ್ರಗಳಲ್ಲಿ ಒಂದೊಂದಾಗಿ ತೋರಿಸಿದ ಕೆಲಸದಲ್ಲಿ ಬೆಂಗಳೂರಿನ ಅದೇ ಸಂಸ್ಥೆಯ ಸುನೇತ್ರಾ ಗಿರಿಧರ್ ಮತ್ತು ಎನ್. ಕಾಮೇಶ್ವರ ರಾವ್ ಅವರ ಪಾತ್ರ ದೊಡ್ಡದು. ಲ್ಯಾಂಬರ್ಟ್ ಅವರೊಂದಿಗೆ 1994ರಲ್ಲಿ ಅವರು ಪ್ರಕಟಿಸಿದ ಐಡಬ್ಲ್ಯು ಕೆರೀನೆ ನಕ್ಷತ್ರದ ಅಧ್ಯಯನ ಆ ಸರಣಿಯ ಆರಂಭದ ಹೆಜ್ಜೆಗಳಲ್ಲೊಂದು. ಈ ಕ್ಷೇತ್ರದ ಲೇಖನಗಳು ಇಂದಿಗೂ ಆ ಕೆಲಸವನ್ನು ಉಲ್ಲೇಖಿಸುತ್ತವೆ. ಆ ಸಂಸ್ಥೆ ಇರುವ ಕೋರಮಂಗಲದಲ್ಲಿ ಕುಳಿತು ಮಾಡಿದ ಕೆಲಸವಿದು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಇದೆಲ್ಲಕ್ಕೂ ವಿವರಣೆ ಕೊಟ್ಟವರು ರೆನ್ಸ್ ವಾಟರ್ಸ್, ನಾರ್ಮನ್ ಟ್ರಾಮ್ಸ್ ಮತ್ತು ಕ್ರಿಸ್ಟೋಫೆಲ್ ವೇಲ್ಕೆನ್ಸ್. 1992ರಲ್ಲಿ ಅವರು ಮುಂದಿಟ್ಟ ವಿಚಾರ ಹೀಗಿದೆ: ಜೋಡಿಯ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಯೊಂದಿದೆ. ಅದರಿಂದ ಸ್ವಲ್ಪ ಸ್ವಲ್ಪವೇ ನಕ್ಷತ್ರದ ಮೇಲೆ ಮರಳಿ ಬೀಳುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊರದಿಂದ ಕಾಳು, ಹೊಟ್ಟು ಎರಡನ್ನೂ ಒಟ್ಟಿಗೇ ಸುರಿದರೂ ಗಾಳಿ ಹೊಟ್ಟನ್ನು ಆಚೆ ಒಯ್ಯುತ್ತದೆ, ಕಾಳು ಕಾಲಬುಡಕ್ಕೇ ಬೀಳುತ್ತದೆ. ಇಲ್ಲಿ ಬೀಸುವ ಗಾಳಿ ನಕ್ಷತ್ರದ ಬೆಳಕು, ಆಚೆ ಉಳಿಯುವುದು ಧೂಳು, ಬುಡಕ್ಕೆ ಬೀಳುವುದು ಅನಿಲ. ಕಬ್ಬಿಣ ಧೂಳಿನಲ್ಲಿ ಸಿಕ್ಕಿಕೊಂಡಿದೆ, ಸತು ಅನಿಲದ ಜೊತೆ ಮರಳಿದೆ. ನಕ್ಷತ್ರದ ಹೊರಹೊದಿಕೆ ಈಗ ಬಲು ತೆಳುವಾದ್ದರಿಂದ ಹೀಗೆ ಮರಳಿದ ಅಲ್ಪ ಅನಿಲವೇ ಅದರ ಸಂಯೋಜನೆ ಬದಲಿಸಲು ಸಾಕು.

ಜೊತೆಗಾರ

ಹಾಗಾದರೆ ಕಬ್ಬಿಣ ತೀರ ಕಡಿಮೆಯಿರುವ ನಕ್ಷತ್ರಗಳೆಲ್ಲ ಅವಳಿಗಳೇ? 1995ರಲ್ಲಿ ವಾನ್ ವಿಂಕೆಲ್, ವೇಲ್ಕೆನ್ಸ್ ಮತ್ತು ವಾಟರ್ಸ್ ಕೊಟ್ಟ ಉತ್ತರ: ಹೌದು, ಎಲ್ಲವೂ ಅವಳಿಗಳೇ.

ಈ ಉತ್ತರದ ಹಿಂದೆ ಇರುವುದು ಬಹಳ ತಾಳ್ಮೆಯ ಕೆಲಸ. ಜೊತೆಗಾರ ನಮ್ಮ ದೂರದರ್ಶಕಕ್ಕೆ ನೇರವಾಗಿ ಕಾಣುವುದಿಲ್ಲ, ಮುಪ್ಪಿನ ದೈತ್ಯ ನಕ್ಷತ್ರದ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ. ದೈತ್ಯ ತನ್ನ ಕಕ್ಷೆಯಲ್ಲಿ ನಮ್ಮ ಕಡೆ ಬರುವಾಗ ರೋಹಿತದ ಗೆರೆಗಳು ನೀಲಿಯ ಕಡೆಗೂ ದೂರ ಹೋಗುವಾಗ ಕೆಂಪಿನ ಕಡೆಗೂ ಸರಿಯುತ್ತವೆ. ಆ ಸರಿತವನ್ನು ಅಳೆಯಬೇಕು. ಆದರೆ ಇಂಥ ನಕ್ಷತ್ರಗಳಲ್ಲಿ ಅನೇಕವು ಸ್ವತಃ ಮಿಡಿಯುತ್ತವೆ. ಮಿಡಿತದಲ್ಲೂ ಗೆರೆಗಳು ಅತ್ತಿತ್ತ ಸರಿಯುತ್ತವೆ. ಎರಡನ್ನೂ ಬೇರ್ಪಡಿಸಲು ವರ್ಷಗಟ್ಟಲೆ ಒಂದೇ ನಕ್ಷತ್ರವನ್ನು ಮತ್ತೆ ಮತ್ತೆ ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಕೆನರಿ ದ್ವೀಪಗಳ ಲಾ ಪಾಲ್ಮಾದಲ್ಲಿ ಲ್ಯೂವೆನ್ ವಿಶ್ವವಿದ್ಯಾಲಯದ ಮರ್ಕೇಟರ್ ದೂರದರ್ಶಕವಿದೆ. ಕನ್ನಡಿಯ ವ್ಯಾಸ ಬರೀ 1.2 ಮೀಟರ್. ಅದಕ್ಕೆ ಜೋಡಿಸಿದ ಹರ್ಮಿಸ್ ಎಂಬ ರೋಹಿತಮಾಪಕ 2009ರಿಂದ ಈ ನಕ್ಷತ್ರಗಳನ್ನು ಬಿಡದೆ ನೋಡುತ್ತಿದೆ. 2018ರಲ್ಲಿ 33 ಜೋಡಿಗಳ ಕಕ್ಷೆಗಳು ಪ್ರಕಟವಾದವು. ಸುತ್ತುವ ಅವಧಿ ಹೆಚ್ಚುಕಡಿಮೆ 100 ದಿನಗಳಿಂದ 3,000 ದಿನಗಳ ತನಕ.

ಈ ಅಂಕಿಗಳಲ್ಲೇ ಒಂದು ಒಗಟಿದೆ. ಇಂಥ ಅನೇಕ ಕಕ್ಷೆಗಳು ಎಷ್ಟು ಚಿಕ್ಕವೆಂದರೆ, ದೈತ್ಯ ಪೂರ್ತಿ ಉಬ್ಬಿದ್ದಾಗ ಅದು ಕಕ್ಷೆಯೊಳಗೆ ಹಿಡಿಸುತ್ತಲೇ ಇರಲಿಲ್ಲ. ಎಂದರೆ ಆಗ ಅದರ ಹೊರಮೈ ಜೊತೆಗಾರನನ್ನು ಮುಟ್ಟಿ, ದ್ರವ್ಯ ಅತ್ತ ಹರಿದಿರಬೇಕು. ಸುತ್ತುವ ಜೋಡಿಯಿಂದ ಕೋನೀಯ ಸಂವೇಗ ಪಡೆದ ಆ ಅನಿಲದ ಒಂದು ಪಾಲು ದೂರ ಹೋಗಲಾರದೆ ಎರಡೂ ನಕ್ಷತ್ರಗಳನ್ನು ಬಳಸಿ ತಟ್ಟೆಯಾಯಿತು. ಇದು ಒಪ್ಪುವಂಥ ಮಾತು. ಆದರೆ ಇಷ್ಟು ಹತ್ತಿರದ ಒಡನಾಟದಲ್ಲಿ ಕಕ್ಷೆ ದುಂಡಗಾಗಬೇಕಿತ್ತು. ಬಹಳಷ್ಟು ಜೋಡಿಗಳ ಕಕ್ಷೆಗಳು ಉದ್ದುದ್ದ ಅಂಡಾಕಾರದಲ್ಲೇ ಉಳಿದಿವೆ. ತಟ್ಟೆಯೇ ಕಕ್ಷೆಯನ್ನು ಹೀಗೆ ಎಳೆದಿರಬಹುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಜೊತೆಗಾರ ಕಣ್ಣಿಗೆ ಬೀಳದಿದ್ದರೂ ತನ್ನ ಗುರುತು ಬಿಡುತ್ತದೆ. ಬಿಡಿ+46°442 ಎಂಬ ಜೋಡಿಯ ಸುತ್ತುವ ಅವಧಿ ಸುಮಾರು 140 ದಿನ. ಪ್ರತಿ ಸುತ್ತಿನಲ್ಲೂ ಜೊತೆಗಾರ ದೈತ್ಯದ ಮುಂದೆ ಹಾಯುವ ಹೊತ್ತಿಗೆ ಹೈಡ್ರೋಜನ್ನಿನ ಕೆಂಪು ಗೆರೆಯ ನೀಲಿ ಬದಿಯಲ್ಲಿ ಅಗಲವಾದ ಕಪ್ಪು ಮೂಡುತ್ತದೆ, ಅದು ಹಾದುಹೋದ ಮೇಲೆ ಅಳಿಸಿಹೋಗುತ್ತದೆ. ಜೊತೆಗಾರನಿಂದ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಚಿಮ್ಮುವ ಅನಿಲದ ಧಾರೆ ದೈತ್ಯದ ಬೆಳಕನ್ನು ನುಂಗುವುದರಿಂದ ಹೀಗಾಗುತ್ತದೆ. ದ್ರವ್ಯ ಜೊತೆಗಾರನ ಮೇಲೂ ಬೀಳುತ್ತಿದೆ, ಅದರ ಒಂದಂಶ ಧಾರೆಯಾಗಿ ಹೊರಗೆ ಚಿಮ್ಮುತ್ತಿದೆ.

ಕಣ್ಣಾರೆ ಕಂಡ ತಟ್ಟೆ

ಇಷ್ಟೆಲ್ಲ ಪರೋಕ್ಷ ಸಾಕ್ಷ್ಯ. ನೇರ ಸಾಕ್ಷ್ಯವೂ ಇದೆ. ಏಕಶೃಂಗಿ ನಕ್ಷತ್ರಪುಂಜದಲ್ಲಿ, ಸುಮಾರು 2,300 ಜ್ಯೋತಿರ್ವರ್ಷ ದೂರದಲ್ಲಿ ಎಚ್‌ಡಿ 44179 ಎಂಬ ನಕ್ಷತ್ರವಿದೆ. 1970ರ ದಶಕದ ಆರಂಭದಲ್ಲಿ ರಾಕೆಟ್ಟುಗಳಿಂದ ನಡೆಸಿದ ಅವಕೆಂಪು ಸಮೀಕ್ಷೆಯಲ್ಲಿ ಅದು ಗಮನ ಸೆಳೆಯಿತು. 1975ರಲ್ಲಿ ಮಾರ್ಟಿನ್ ಕೋಹೆನ್ ಮತ್ತು ಸಂಗಡಿಗರು ಅದನ್ನು ವಿವರಿಸಿ ‘ಕೆಂಪು ಆಯತ’ ಎಂದು ಕರೆದರು. 2004ರಲ್ಲಿ ಬಿಡುಗಡೆಯಾದ ಹಬಲ್ ದೂರದರ್ಶಕದ ಚಿತ್ರದಲ್ಲಿ ನಕ್ಷತ್ರದಿಂದ ನಾಲ್ಕು ದಿಕ್ಕಿಗೆ ಹೊರಟ ಕೆಂಪು ಗೆರೆಗಳೂ ಅವುಗಳ ನಡುವೆ ಅಡ್ಡಡ್ಡವಾಗಿ ಏಣಿಯ ಮೆಟ್ಟಿಲುಗಳಂಥ ರೇಖೆಗಳೂ ಕಾಣುತ್ತವೆ. ನಾವು ಅದರ ತಟ್ಟೆಯನ್ನು ಅಂಚಿನ ಕಡೆಯಿಂದ ನೋಡುತ್ತಿದ್ದೇವೆ. ಒಳಗಿನ ಜೋಡಿ ನಮಗೆ ನೇರವಾಗಿ ಕಾಣದು. ತಟ್ಟೆಯ ಮೇಲೆ ಕೆಳಗೆ ಚದುರಿದ ಬೆಳಕಷ್ಟೇ ನಮ್ಮನ್ನು ತಲುಪುತ್ತದೆ.

ಈ ತಟ್ಟೆ ನಿಜಕ್ಕೂ ಸುತ್ತುತ್ತಿದೆಯೇ? ಸ್ಪೇನಿನ ವ್ಯಾಲೆಂಟಿನ್ ಬುಹಾರಬಾಲ್ ನೇತೃತ್ವದ ತಂಡ ಫ್ರಾನ್ಸಿನ ರೇಡಿಯೋ ದೂರದರ್ಶಕ ಸಮೂಹದಿಂದ, ಆಮೇಲೆ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕದಿಂದ ಅಲ್ಲಿನ ಇಂಗಾಲದ ಮಾನಾಕ್ಸೈಡ್ ಅನಿಲದ ವೇಗವನ್ನು ಅಳೆಯಿತು. ಒಂದು ಬದಿಯ ಅನಿಲ ನಮ್ಮತ್ತ ಬರುತ್ತಿದೆ, ಇನ್ನೊಂದು ಬದಿಯದು ದೂರ ಹೋಗುತ್ತಿದೆ. ಹತ್ತಿರದ್ದು ವೇಗವಾಗಿ, ದೂರದ್ದು ನಿಧಾನವಾಗಿ, ಸೂರ್ಯನ ಸುತ್ತ ಗ್ರಹಗಳು ಪಾಲಿಸುವ ಕೆಪ್ಲರನ ನಿಯಮದಂತೆಯೇ ಸುತ್ತುತ್ತಿದೆ.

ಧೂಳಿನ ಗುಣವೂ ಇದನ್ನೇ ಹೇಳುತ್ತದೆ. ನಕ್ಷತ್ರಗಳ ನಡುವಿನ ಸಾಮಾನ್ಯ ಸಿಲಿಕೇಟ್ ಧೂಳಿಗೆ ಹರಳಿನ ರಚನೆ ಇರುವುದಿಲ್ಲ. 1998ರಲ್ಲಿ ವಾಟರ್ಸ್ ಮತ್ತು ಸಂಗಡಿಗರು ಐಎಸ್‌ಓ ಎಂಬ ಅವಕೆಂಪು ಉಪಗ್ರಹದ ರೋಹಿತಗಳಲ್ಲಿ ಕೆಂಪು ಆಯತದ ಧೂಳು ಹರಳುಗಟ್ಟಿರುವುದನ್ನು ಕಂಡರು. ಇಂಥ ತಟ್ಟೆಗಳಲ್ಲಿ ಧೂಳಿನ ಕಣಗಳು ಮಿಲಿಮೀಟರ್ ಗಾತ್ರಕ್ಕೆ ಬೆಳೆದಿರುವುದೂ ತಿಳಿದಿದೆ. ಹರಳಾಗಲು ಕಾವು ಬೇಕು, ಕಣ ಬೆಳೆಯಲು ಕಾಲ ಬೇಕು. ಹಾರಿಹೋಗುವ ಮಾರುತದಲ್ಲಿ ಎರಡೂ ಸಿಗುವುದಿಲ್ಲ.

2016ರಲ್ಲಿ ಮಿಷೆಲ್ ಹಿಲ್ಲೆನ್ ಮತ್ತು ಸಹೋದ್ಯೋಗಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚಿಲಿಯ ಪರನಾಲ್‌ನಲ್ಲಿ ನಾಲ್ಕು ದೂರದರ್ಶಕಗಳ ಬೆಳಕನ್ನು ಪಯೊನಿಯರ್ ಎಂಬ ಉಪಕರಣದಲ್ಲಿ ಬೆರೆಸಿ, 150 ಮೀಟರ್ ಅಗಲದ ದೂರದರ್ಶಕಕ್ಕೆ ಸಮನಾದ ಸೂಕ್ಷ್ಮತೆ ಪಡೆದು, ಸುಮಾರು 4,000 ಜ್ಯೋತಿರ್ವರ್ಷ ದೂರದ ಐರಾಸ್ 08544-4431 ಎಂಬ ಜೋಡಿಯ ಚಿತ್ರ ತೆಗೆದರು. ನಡುವೆ ದೈತ್ಯ, ಸುತ್ತ ಧೂಳಿನ ತಟ್ಟೆಯ ಬೆಳಗುವ ಒಳ ಅಂಚು. ಆ ಅಂಚಿಗಿಂತ ಒಳಗೆ ಧೂಳು ಉಳಿಯದು, ಆವಿಯಾಗುತ್ತದೆ. ಜೊತೆಗಾರನಿರಬೇಕಾದ ಜಾಗದಲ್ಲಿ ನಿರೀಕ್ಷಿಸದಿದ್ದ ಒಂದು ಮಂದ ಹೊಳಪೂ ಕಂಡಿತು. ಜೊತೆಗಾರನ ಸುತ್ತಲೇ ಇನ್ನೊಂದು ಪುಟ್ಟ ತಟ್ಟೆಯಿದೆ ಎಂಬುದು ಅದರ ಅರ್ಥ.

ಮತ್ತೆ ಗ್ರಹಗಳು ಹುಟ್ಟಬಹುದೇ?

ಸುತ್ತುವ ತಟ್ಟೆ, ಬೆಳೆದ ಕಣಗಳು, ಹರಳುಗಟ್ಟಿದ ಖನಿಜ: ಗ್ರಹ ಹುಟ್ಟುವ ಸಾಮಗ್ರಿಯೆಲ್ಲ ಇಲ್ಲಿದೆ. 2022ರಲ್ಲಿ ಜಾಕ್ ಕ್ಲುಸ್ಕಾ ಮತ್ತು ಸಹೋದ್ಯೋಗಿಗಳು ನಮ್ಮ ಆಕಾಶಗಂಗೆಯ ಇಂಥ 85 ಜೋಡಿಗಳನ್ನು ಒಟ್ಟಿಗೆ ಪರಿಶೀಲಿಸಿದರು. ಸುಮಾರು ಹತ್ತು ಜೋಡಿಗಳ ತಟ್ಟೆಯ ಒಳಭಾಗ ಖಾಲಿಯಿದೆ. ಬಿಸಿಯಿಂದ ಆವಿಯಾಗಿ ಖಾಲಿಯಾಗಬಹುದಾದ ಜಾಗಕ್ಕಿಂತ ಅದು ಬಹಳ ದೊಡ್ಡದು. ಇದಕ್ಕಿಂತ ಮುಖ್ಯವಾದದ್ದು, ಹೀಗೆ ಖಾಲಿಯಿರುವ ಕಡೆಗಳಲ್ಲೇ ನಕ್ಷತ್ರದ ಕಬ್ಬಿಣವೂ ಹೆಚ್ಚು ಕಾಣೆಯಾಗಿದೆ. ತಟ್ಟೆಯೊಳಗೆ ದೊಡ್ಡ ಗ್ರಹವೊಂದು ಸುತ್ತುತ್ತಿದ್ದರೆ ಅದು ಧೂಳನ್ನು ಹೊರಗೇ ತಡೆದು ಅನಿಲವನ್ನು ಮಾತ್ರ ಒಳಕ್ಕೆ ಬಿಡುತ್ತದೆ. ಎರಡು ಬೇರೆ ಬೇರೆ ಅಳತೆಗಳು ಒಂದೇ ಕಡೆ ಬೆರಳು ಮಾಡಿವೆ.

ಆದರೂ ಎಚ್ಚರ ಬೇಕು. ಇಂಥ ತಟ್ಟೆಯೊಳಗೆ ಗ್ರಹವನ್ನು ಯಾರೂ ಇನ್ನೂ ನೇರವಾಗಿ ಕಂಡಿಲ್ಲ. ಈ ತಟ್ಟೆಗಳ ಆಯುಷ್ಯ ಹತ್ತು ಸಾವಿರದಿಂದ ಲಕ್ಷ ವರ್ಷಗಳ ಲೆಕ್ಕದಲ್ಲಿದೆ. ಎಳೆಯ ನಕ್ಷತ್ರಗಳ ತಟ್ಟೆಗಳಿಗೆ ಹತ್ತಾರು ಲಕ್ಷ ವರ್ಷಗಳ ಬಿಡುವಿರುತ್ತದೆ. ಇಷ್ಟು ಬೇಗ ಗ್ರಹ ಕಟ್ಟಲು ಸಾಧ್ಯವೇ, ಅಥವಾ ಮೊದಲೇ ಇದ್ದ ಗ್ರಹವೊಂದು ಉಳಿದುಕೊಂಡು ಹೊಸ ದ್ರವ್ಯ ಪಡೆದು ಬೆಳೆಯಿತೇ ಎಂಬುದು ಇತ್ಯರ್ಥವಾಗಿಲ್ಲ. ಸತ್ತ ನಕ್ಷತ್ರದ ಸುತ್ತ ಗ್ರಹ ಇರುವುದು ಅಸಾಧ್ಯವಲ್ಲ ಎಂಬುದಂತೂ ಗೊತ್ತು. ಸೌರವ್ಯೂಹದ ಹೊರಗೆ 1992ರಲ್ಲಿ ದೃಢಪಟ್ಟ ಮೊದಲ ಗ್ರಹಗಳು ಸಿಡಿದ ನಕ್ಷತ್ರದ ಉಳಿಕೆಯಾದ ಒಂದು ಪಲ್ಸಾರ್ ಸುತ್ತ ಸಿಕ್ಕಿದವು. ನಕ್ಷತ್ರ ಸಿಡಿದ ಮೇಲೆ ಉಳಿದ ದ್ರವ್ಯದ ತಟ್ಟೆಯಲ್ಲಿ ಅವು ಹುಟ್ಟಿರಬಹುದು ಎಂಬುದು ಒಂದು ವಿವರಣೆ.

ನಮ್ಮ ಕೈಗೆಟುಕುವ ಕೆಲಸ

ಕೊನೆಯದಾಗಿ ಇಲ್ಲಿರುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಮಾತು. ಕೆಂಪು ಆಯತ ಇರುವ ಏಕಶೃಂಗಿಯಲ್ಲೇ ಯು ಮಾನೊಸೆರೋಟಿಸ್ ಎಂಬ ಆರ್‌ವಿ ಟೌರಿ ನಕ್ಷತ್ರವಿದೆ. ಅದರ ಹೊಳಪು ಸುಮಾರು 46 ದಿನಗಳಿಗೊಮ್ಮೆ ಏರಿಳಿಯುತ್ತದೆ, ಇದು ಮಿಡಿತದ ಫಲ. ಆರೂವರೆ ವರ್ಷಗಳಿಗೊಮ್ಮೆ ಒಟ್ಟು ಬೆಳಕೇ ಕುಗ್ಗುತ್ತದೆ, ಆಗ ದೈತ್ಯ ತನ್ನ ಕಕ್ಷೆಯಲ್ಲಿ ತಟ್ಟೆಯ ಅಂಚಿನ ಹಿಂದೆ ಹಾಯುತ್ತಿರುತ್ತದೆ. 2021ರಲ್ಲಿ ಲಾರಾ ವೇಗ ಮತ್ತು ಸಹೋದ್ಯೋಗಿಗಳು ಸುಮಾರು 60 ವರ್ಷಗಳ ಇನ್ನೊಂದು ನಿಧಾನದ ಏರಿಳಿತವನ್ನೂ ಗುರುತಿಸಿದರು. ತಟ್ಟೆಯೊಳಗೇ ದೂರದಲ್ಲಿ ಸುತ್ತುವ ದ್ರವ್ಯದ ಗುಂಪೊಂದು ಅದಕ್ಕೆ ಕಾರಣವಿರಬಹುದು. ಅರುವತ್ತು ವರ್ಷದ ಏರಿಳಿತ ಕಾಣಬೇಕಾದರೆ ಅದಕ್ಕಿಂತ ಉದ್ದದ ದಾಖಲೆ ಬೇಕು. ಆ ದಾಖಲೆ 1880ರ ದಶಕದ ಕೊನೆಯಿಂದ ಶುರುವಾಗುತ್ತದೆ. ಹಾರ್ವರ್ಡ್‌ನ ಹಳೆಯ ಛಾಯಾಫಲಕಗಳ ಜೊತೆಗೆ, ಚಂಚಲ ತಾರೆಗಳನ್ನು ನೋಡುವ ಹವ್ಯಾಸಿಗಳು ಬರೆದಿಟ್ಟ ಅಂದಾಜುಗಳೂ ಅದರಲ್ಲಿವೆ. ಅಮೆರಿಕದ ಚಂಚಲ ತಾರಾ ವೀಕ್ಷಕರ ಸಂಘ 1911ರಿಂದ ಅಂಥ ವೀಕ್ಷಣೆಗಳನ್ನು ಕಾಪಾಡಿಕೊಂಡು ಬಂದಿದೆ.

ಜನವರಿಯಿಂದ ಮಾರ್ಚ್ ತನಕ ಸಂಜೆ ಲುಬ್ಧಕ ಮತ್ತು ಪ್ರಶ್ವಾ ನಕ್ಷತ್ರಗಳ ನಡುವೆ ಈ ತಾರೆ ಬೈನಾಕ್ಯುಲರಿಗೆ ಕಾಣುತ್ತದೆ. ಕರ್ನಾಟಕದ ಯಾವ ಹಳ್ಳಿಯ ಶಾಲೆಯ ಅಂಗಳದಿಂದಲೂ ನೋಡಬಹುದು. ಪಕ್ಕದ ತಾರೆಗಳೊಂದಿಗೆ ಹೋಲಿಸಿ ಹೊಳಪು ಅಂದಾಜಿಸುವುದನ್ನು ಪ್ರೌಢಶಾಲೆಯ ಮಕ್ಕಳು ಒಂದೆರಡು ವಾರದಲ್ಲಿ ಕಲಿಯುತ್ತಾರೆ. ನಿಮ್ಮ ಶಾಲೆ, ಕಾಲೇಜುಗಳಲ್ಲಿ ಒಂದು ದಾಖಲೆ ಪುಸ್ತಕ ಇಡಿ. ತಾರೀಖು, ಹೊತ್ತು, ಹೊಳಪು, ನೋಡಿದವರ ಹೆಸರು ಇಷ್ಟು ಬರೆಯಿಸಿ, ಸಂಘಕ್ಕೆ ಕಳಿಸಿ. ಒಂದು ತಂಡ ಓದು ಮುಗಿಸಿ ಹೋದಾಗ ಪುಸ್ತಕವನ್ನು ಮುಂದಿನ ತಂಡದ ಕೈಗೆ ಕೊಡಿ. ಈ ತಟ್ಟೆಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಹೀಗೆ ಒಬ್ಬರ ವೀಕ್ಷಣೆಯನ್ನು ಇನ್ನೊಬ್ಬರು ಮುಂದುವರಿಸಿದ್ದರಿಂದಲೇ ತಿಳಿದದ್ದು. ಆ ಕೆಲಸದಲ್ಲಿ ಕನ್ನಡದ ಮಕ್ಕಳ ಪಾಲೂ ಇರಲಿ ಎಂದು ಕೇಳಿಕೊಳ್ಳುತ್ತೇನೆ.